ತನ್ನ ಕಥೆಯನ್ನು ತಾನೇ ಕೇಳಿಸಿಕೊಂಡ ಮನುಷ್ಯ

(ಸಿನಿಮಾ ಪ್ರದರ್ಶನ ಮುಗಿದ ಮೇಲೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಿನಿಮಾವನ್ನು ಈಗಷ್ಟೇ ನೋಡಿದ್ದೀರಿ. ಹಾಗಾಗಿ ಕೊನೆಯಲ್ಲಿ ಏನಾಗುತ್ತದೆ ಅನ್ನುವುದನ್ನು ನಾನು ಮುಚ್ಚಿಡಬೇಕಾಗಿಲ್ಲ. ಇದನ್ನು ಆಮೇಲೆ ಓದುವವರು 'ಸ್ಟ್ರೇಂಜರ್ ದ್ಯಾನ್ ಫಿಕ್ಷನ್' ನೋಡಿಲ್ಲದಿದ್ದರೆ ದಯವಿಟ್ಟು ಮೊದಲು ನೋಡಿ ಬನ್ನಿ. ಎರಡು ಗಂಟೆಯೂ ಇಲ್ಲ.

2006ರ ಸಿನಿಮಾ ಇದು. ಬರೆದವರು ಜ್ಯಾಕ್ ಹೆಲ್ಮ್, ನಿರ್ದೇಶನ ಮಾರ್ಕ್ ಫಾರ್ಸ್ಟರ್. ಒಬ್ಬ ಇನ್‌ಕಮ್ ಟ್ಯಾಕ್ಸ್ ಅಧಿಕಾರಿ ಬೆಳಿಗ್ಗೆ ಹಲ್ಲು ಉಜ್ಜುತ್ತಿರುವಾಗ ಒಬ್ಬ ಹೆಂಗಸಿನ ದನಿ ಕೇಳಿಸುತ್ತದೆ. ಅವನು ಮಾಡುತ್ತಿರುವುದನ್ನೆಲ್ಲ ಆ ದನಿ ವರ್ಣಿಸುತ್ತಿದೆ. ಸುಮ್ಮನೆ ಅಲ್ಲ, ಕಾದಂಬರಿಯ ಭಾಷೆಯಲ್ಲಿ, ಒಳ್ಳೊಳ್ಳೆ ಪದ ಹಾಕಿ. ಅವನೊಬ್ಬನಿಗೇ ಅದು ಕೇಳಿಸುತ್ತದೆ. ಇಷ್ಟೇ ಆಗಿದ್ದರೆ ಅರ್ಧ ಗಂಟೆಯ ತಮಾಷೆ ಆಗುತ್ತಿತ್ತು. ಆದರೆ ಒಂದು ದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅದೇ ದನಿ, ಇವನು ಬೇಗನೇ ಸಾಯಲಿದ್ದಾನೆ, ಪಾಪ ಇವನಿಗೆ ಅದು ಗೊತ್ತಿಲ್ಲ ಎಂದು ಹೇಳಿಬಿಡುತ್ತದೆ. ಹೇಳಿದ ತಕ್ಷಣ ಅವನಿಗೆ ಗೊತ್ತಾಯಿತಲ್ಲ! ಸಿನಿಮಾದ ಇಡೀ ಕಥೆ ನಿಂತಿರುವುದು ಈ ಒಂದು ಎಡವಟ್ಟಿನ ಮೇಲೆ.

ಇವತ್ತು ನಾನು ಮುಖ್ಯವಾಗಿ ಆ ಅಧಿಕಾರಿಯ, ಅಂದರೆ ಹೆರಾಲ್ಡ್ ಕ್ರಿಕ್‌ನ, ಪಾತ್ರ ಮಾಡಿದ ವಿಲ್ ಫೆರೆಲ್ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. ಒಬ್ಬ ನಟ 'ಏನೋ ಬೇರೆ ಥರ ಮಾಡ್ತೀನಿ' ಎಂದು ಹೊರಟಾಗ ನಿಜವಾಗಿ ಏನು ಬದಲಾಗಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅಲ್ಲಿಯವರೆಗೆ ಫೆರೆಲ್ ಏನು ಮಾಡಿಕೊಂಡಿದ್ದರು? 1995ರಿಂದ 2002ರವರೆಗೆ ಅಮೆರಿಕದ ಟೀವಿಯ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿದ್ದರು. ಅಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರನ್ನು ಅನುಕರಿಸಿ ಮನೆಮಾತಾದರು. ಆಮೇಲೆ 2003ರಲ್ಲಿ 'ಎಲ್ಫ್', 2004ರಲ್ಲಿ 'ಆ್ಯಂಕರ್‌ಮನ್'. ಆರಡಿ ಮೂರಿಂಚಿನ ಆಳು. ಆ ಮೈಯನ್ನು ಹೇಗೆ ಬಳಸುತ್ತಿದ್ದರು ಅಂದರೆ, ಕೂಗು, ಓಟ, ಬೀಳುವುದು, ಬಟ್ಟೆ ಬಿಚ್ಚಿ ಓಡಾಡುವುದು. ನಾಚಿಕೆ ಅನ್ನುವುದೇ ಇಲ್ಲದ ಹಾಸ್ಯ. ಅದನ್ನು ನಾನು ಕೀಳು ಅನ್ನುತ್ತಿಲ್ಲ, ಹಾಗೆ ಮಾಡುವುದಕ್ಕೂ ಧೈರ್ಯ ಬೇಕು. ಇದೇ 2006ರ ಆಗಸ್ಟ್‌ನಲ್ಲಿ ಕಾರ್ ರೇಸಿನ ಮೇಲೆ ಅವರದೊಂದು ಗದ್ದಲದ ಹಾಸ್ಯಚಿತ್ರ ಬಂದು ಭರ್ಜರಿಯಾಗಿ ಓಡಿತ್ತು. ಸುಮಾರು ಮೂರು ತಿಂಗಳಿಗೇ, ನವೆಂಬರ್‌ನಲ್ಲಿ, ಈ ಸಿನಿಮಾ ತೆರೆ ಕಂಡಿತು. ಅದನ್ನು ನೋಡಿ ನಕ್ಕು ಬಂದ ಜನ ಇದಕ್ಕೂ ಹೋಗಿ ಕೂತಾಗ ಅವರಿಗೆ ಏನನ್ನಿಸಿರಬೇಕು, ಯೋಚನೆ ಮಾಡಿ.

ಹಾಸ್ಯನಟರು ಗಂಭೀರ ಪಾತ್ರಕ್ಕೆ ಕೈಹಾಕಿದಾಗ ಸಾಮಾನ್ಯವಾಗಿ ಒಂದು ದಾರಿ ಹಿಡಿಯುತ್ತಾರೆ. ಅಳುತ್ತಾರೆ. ಗಡ್ಡ ಬಿಡುತ್ತಾರೆ. ಕುಡಿಯುತ್ತಾರೆ. ಒಂದು ದೊಡ್ಡ ಸಂಕಟದ ಸೀನ್ ಇಟ್ಟುಕೊಂಡು 'ನೋಡಿ, ನನಗೂ ನಟನೆ ಬರುತ್ತೆ' ಎಂದು ತೋರಿಸುತ್ತಾರೆ. ನಮ್ಮ ಸಿನಿಮಾಗಳಲ್ಲೂ ನೋಡಿದ್ದೇವೆ. ಎಷ್ಟೋ ವರ್ಷ ಹಾಸ್ಯನಟ ಅಂದರೆ ಕಥೆಗೆ ಸಂಬಂಧವಿಲ್ಲದ ಕಾಮಿಡಿ ಟ್ರ್ಯಾಕಿಗೆ ಮಾತ್ರ ಕರೆಯುತ್ತಿದ್ದರು. ಅಪರೂಪಕ್ಕೆ ಗಂಭೀರ ಪಾತ್ರ ಸಿಕ್ಕರೆ ಅವರನ್ನು ಅಳಿಸದೆ ಬಿಡುತ್ತಿರಲಿಲ್ಲ. ನಗಿಸುವವನು ದೊಡ್ಡ ನಟ ಅನ್ನಿಸಿಕೊಳ್ಳಬೇಕಾದರೆ ನಗಿಸುವುದನ್ನು ಬಿಡಬೇಕು ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಆ ನಂಬಿಕೆಯೇ ತಪ್ಪು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಫೆರೆಲ್ ಇಲ್ಲಿ ಏನು ಮಾಡುತ್ತಾರೆ? ಕೇಳಿಸಿಕೊಳ್ಳುತ್ತಾರೆ. ಅಷ್ಟೇ.

ಮತ್ತೆ ನೆನಪಿಸಿಕೊಳ್ಳಿ. ಹೆರಾಲ್ಡ್ ಕ್ರಿಕ್ ಬ್ರಷ್ ಬಾಯಲ್ಲಿಟ್ಟುಕೊಂಡು ನಿಂತಿದ್ದಾನೆ. ದನಿ ಮಾತಾಡುತ್ತದೆ. ಅವನು ಬ್ರಷ್ ನಿಲ್ಲಿಸುತ್ತಾನೆ, ದನಿ ನಿಲ್ಲುತ್ತದೆ. ಮತ್ತೆ ಉಜ್ಜುತ್ತಾನೆ, ಮತ್ತೆ ದನಿ. ಹಳೆಯ ಫೆರೆಲ್ ಆಗಿದ್ದರೆ ಇಲ್ಲಿ ಇಡೀ ಬಚ್ಚಲುಮನೆಯನ್ನು ಪುಡಿ ಮಾಡುತ್ತಿದ್ದರು. ಇಲ್ಲಿ ಕಣ್ಣು ಮಾತ್ರ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ. ಅಷ್ಟರಲ್ಲೇ ನಮಗೆ ನಗು ಬರುತ್ತದೆ, ಜೊತೆಗೆ ಅಯ್ಯೋ ಪಾಪ ಅನ್ನಿಸುತ್ತದೆ. ಚಿತ್ರೀಕರಣದ ವೇಳೆ ಕಿವಿಯಲ್ಲಿ ಪುಟ್ಟ ಇಯರ್‌ಪೀಸ್ ಇಟ್ಟು, ಆ ದನಿ ಕೊಟ್ಟ ನಟಿ ಎಮ್ಮಾ ಥಾಂಪ್ಸನ್ ಮೊದಲೇ ಓದಿ ರೆಕಾರ್ಡ್ ಮಾಡಿದ ಮಾತುಗಳನ್ನು ಅವರಿಗೆ ಕೇಳಿಸುತ್ತಿದ್ದರು. ಅಂದರೆ ನಾವು ನೋಡುತ್ತಿರುವುದು ನಿಜವಾಗಿ ಕೇಳಿಸಿಕೊಳ್ಳುತ್ತಿರುವ ಮುಖ. ಒಂದು ಮಾತು ಕಿವಿಗೆ ಬಿದ್ದು ಮನಸ್ಸಿಗೆ ಇಳಿಯುವ ಆ ಚೂರು ಹೊತ್ತು ಇದೆಯಲ್ಲ, ಅದನ್ನು ನಟಿಸುವುದು ಬಹಳ ಕಷ್ಟ. ಇಲ್ಲಿ ಅದು ಸೀನಿನಿಂದ ಸೀನಿಗೆ ಕಾಣುತ್ತದೆ.

ಇನ್ನೊಂದು ಗಮನಿಸಿ. ಹಳೆಯ ಫೆರೆಲ್ ಎಲ್ಲೂ ಹೋಗಿಲ್ಲ. ಅವರ ಹಾಸ್ಯದ ಗುಟ್ಟು ಯಾವಾಗಲೂ ಒಂದೇ: ಯಾವುದೇ ಹುಚ್ಚು ಸಂಗತಿಯನ್ನೂ ಪೂರ್ತಿ ನಂಬಿಕೆಯಿಂದ ಮಾಡುವುದು. 'ಎಲ್ಫ್'ನಲ್ಲಿ ತಾನು ಸಾಂಟಾನ ಊರಿನ ಕುಳ್ಳ ಎಂದು ನಂಬಿದ ದೊಡ್ಡ ಗಂಡಸು ಅವರು. ಎಲ್ಲೂ ಕಣ್ಣು ಹೊಡೆಯುವುದಿಲ್ಲ. ಹೆರಾಲ್ಡ್‌ನಲ್ಲೂ ಅದೇ ನಂಬಿಕೆ ಇದೆ, ದನಿ ಮಾತ್ರ ಇಳಿದಿದೆ. ದನಿಯ ಗುಟ್ಟು ತಿಳಿಯಲು ಹೋದಾಗ ಸಾಹಿತ್ಯದ ಪ್ರೊಫೆಸರ್ ಹಿಲ್ಬರ್ಟ್ ಅವನನ್ನು 23 ಪ್ರಶ್ನೆ ಕೇಳುವ ಸೀನ್ ನೋಡಿದಿರಲ್ಲ. ಮನೆ ಮುಂದೆ ಯಾರಾದರೂ ದೊಡ್ಡ ಮರದ ಕುದುರೆ ಬಿಟ್ಟು ಹೋಗಿದ್ದಾರಾ, ನೀನು ಯಾವುದಾದರೂ ನಾಡಿನ ರಾಜನಾ ಎಂದೆಲ್ಲ ಕೇಳುತ್ತಾರೆ. ಎದುರಿಗೆ ಡಸ್ಟಿನ್ ಹಾಫ್‌ಮನ್ ಇದ್ದಾರೆ, ತಮಾಷೆಯ ಮಾತೆಲ್ಲ ಅವರದ್ದು. ಫೆರೆಲ್ ಕೆಲಸ ಒಂದೊಂದಕ್ಕೂ ಯೋಚಿಸಿ ಪ್ರಾಮಾಣಿಕವಾಗಿ ಉತ್ತರ ಕೊಡುವುದು. ಟ್ಯಾಕ್ಸ್ ಆಫೀಸಿನವನಲ್ವಾ, ಫಾರಂ ತುಂಬಿದ ಹಾಗೆ ಉತ್ತರ ಕೊಡುತ್ತಾನೆ. ಒಬ್ಬ ಸ್ಟಾರ್ ಹಾಸ್ಯನಟ ನಗುವಿನ ಮಾತನ್ನೆಲ್ಲ ಎದುರಿನವರಿಗೆ ಬಿಟ್ಟುಕೊಟ್ಟು ಕೂತಿದ್ದಾನಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು.

(ಆ 23 ಅನ್ನುವ ಸಂಖ್ಯೆ ಸುಮ್ನೆ ಬಂದಿದ್ದಲ್ಲ. 1900ರಲ್ಲಿ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಮುಂದಿಟ್ಟ ಸಮಸ್ಯೆಗಳ ಪಟ್ಟಿಯಲ್ಲಿ 23 ಸಮಸ್ಯೆಗಳಿದ್ದವು. ಕ್ರಿಕ್, ಪಾಸ್ಕಲ್, ಐಫೆಲ್, ಎಶರ್, ಹೀಗೆ ಪಾತ್ರಗಳ ಹೆಸರೆಲ್ಲ ಲೆಕ್ಕ, ವಿಜ್ಞಾನ, ಆಕಾರಗಳ ಲೋಕದಿಂದ ಬಂದವು. ಹೆರಾಲ್ಡ್ ಹತ್ತುವ ಬಸ್ಸಿಗೂ ಒಬ್ಬ ಗಣಿತಜ್ಞನ ಹೆಸರಿದೆ.)

ಲೆಕ್ಕದ ಮಾತು ಬಂತು. ಹೆರಾಲ್ಡ್‌ಗೆ 32 ಹಲ್ಲು, ಒಂದೊಂದನ್ನು 76 ಸಲ ಉಜ್ಜುತ್ತಾನೆ. ಅಡ್ಡ 38, ಉದ್ದ 38. ಟೈಗೆ ಎರಡು ಗಂಟು ಹಾಕುವ ಬದಲು ಒಂದೇ ಗಂಟು ಹಾಕಿ 43 ಸೆಕೆಂಡ್ ಉಳಿಸುತ್ತಾನೆ. ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 57 ಹೆಜ್ಜೆ. ಊಟಕ್ಕೆ 45.7 ನಿಮಿಷ. ರಾತ್ರಿ 11:13ಕ್ಕೆ ಮಲಗುತ್ತಾನೆ. ತೆರೆಯ ಮೇಲೆ ಬಿಳಿ ಗೆರೆಗಳೂ ಅಂಕಿಗಳೂ ಅವನ ಸುತ್ತ ಮೂಡುತ್ತಾ ಹೋಗುತ್ತವೆ. ಸಿನಿಮಾ ಮುಂದೆ ಹೋದ ಹಾಗೆ ಆ ಅಂಕಿಗಳು ಎಲ್ಲಿ ಹೋದವು ಎಂದು ಯೋಚಿಸಿದಿರಾ? ಅವನು ಗಿಟಾರ್ ಹಿಡಿಯುತ್ತಾನೆ, ಬೇಕರಿಯ ಹುಡುಗಿಯ ಜೊತೆ ಮಾತಾಡುತ್ತಾನೆ. ಎಣಿಸುವ ಅಭ್ಯಾಸ ಒಂದೊಂದೇ ಬಿಟ್ಟುಹೋಗುತ್ತದೆ.

ಇಡೀ ಸಿನಿಮಾವನ್ನು ಶಿಕಾಗೋದಲ್ಲಿ ತೆಗೆದಿದ್ದಾರೆ. ಆದರೆ ಊರಿನ ಹೆಸರನ್ನು ಯಾರೂ ಹೇಳುವುದಿಲ್ಲ. ಗಾಜು, ಕಾಂಕ್ರೀಟ್, ಉದ್ದದ ಖಾಲಿ ಕಾರಿಡಾರ್‌ಗಳು. ಹೆರಾಲ್ಡ್ ಮನೆಯಲ್ಲಿ ಒಂದು ಚಿತ್ರಪಟ ಕೂಡ ಇಲ್ಲ. ಅದೇ ಆನಾ ಪಾಸ್ಕಲ್ ಬೇಕರಿಗೆ ಹೋದಾಗ ನೋಡಿ, ಬಣ್ಣ, ಜನ, ಬಿಸಿ. ಆನಾ ಪಾತ್ರ ಮಾಡಿದ ಮ್ಯಾಗಿ ಜಿಲೆನ್‌ಹಾಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಆಕೆ ಟ್ಯಾಕ್ಸಿನಲ್ಲಿ 22 ಪರ್ಸೆಂಟ್ ಕಟ್ಟಿಲ್ಲ. ಮರೆತಿದ್ದಲ್ಲ, ಸರ್ಕಾರ ರಕ್ಷಣೆ ಮುಂತಾದವಕ್ಕೆ ಖರ್ಚು ಮಾಡುವ ಪಾಲನ್ನು ಕೊಡುವುದಿಲ್ಲ ಎಂದು ಪತ್ರ ಬರೆದೇ ನಿಲ್ಲಿಸಿದ್ದಾಳೆ. ಅವಳ ಲೆಕ್ಕ ನೋಡಲು ಬಂದವನು ಹೆರಾಲ್ಡ್. ಬೇಕರಿಯಲ್ಲಿ ಇದ್ದವರೆಲ್ಲ ಅವನನ್ನು ಗದರುತ್ತಾರೆ. ದಿನದ ಕೊನೆಗೆ ಆಕೆಯೇ ಅವನಿಗೆ ಬಿಸಿ ಬಿಸ್ಕತ್ತು ಮಾಡಿಕೊಡುತ್ತಾಳೆ. ಅವನು ಹಾಲಿಗೆ ಅದ್ದಿ ತಿನ್ನುತ್ತಾನೆ. ಆಮೇಲೆ ದುಡ್ಡು ಕೊಡಲು ಹೋಗುತ್ತಾನೆ! ಅಧಿಕಾರಿ ಉಡುಗೊರೆ ತೆಗೆದುಕೊಳ್ಳಬಾರದು ಎಂದು ನಿಯಮ. ಎಷ್ಟು ಒಳ್ಳೆಯವನು, ಎಷ್ಟು ಪೆದ್ದ. ಆ ಸೀನಿನಲ್ಲಿ ಫೆರೆಲ್ ತಿನ್ನುವುದನ್ನು ನೋಡಿ. ಯಾರೋ ತನಗಾಗಿ ಏನೋ ಮಾಡಿದ್ದಾರೆ ಅನ್ನುವುದೇ ಅವನಿಗೆ ಹೊಸದು.

ಈಗ ಆ ದನಿಯ ಕಡೆಗೆ ಬರೋಣ.

ನಮಗೆ ಸಾವಿನ ಫ್ಯಾಂಟಸಿ ಹೊಸದಲ್ಲ. ಯಮ, ಕೋಣ, ಚಿತ್ರಗುಪ್ತನ ಕಡತ, ತಪ್ಪಾಗಿ ಎಳೆದುಕೊಂಡು ಹೋದ ಜೀವ, ಇದೆಲ್ಲ ನಮ್ಮ ನಾಟಕ, ಸಿನಿಮಾಗಳಲ್ಲಿ ಬೇಕಾದಷ್ಟು ಬಂದಿದೆ. ಹಣೆಬರಹ ತಪ್ಪಿಸಲು ಆಗುವುದಿಲ್ಲ ಅಂತ ದಿನಕ್ಕೆ ನಾಲ್ಕು ಸಲ ಹೇಳುತ್ತೇವೆ. ಆದರೆ ಹಣೆಬರಹ ಬರೆದವರ ಫೋನ್ ನಂಬರ್ ಹುಡುಕಿ ಫೋನ್ ಮಾಡಿದವರು ಯಾರೂ ಇಲ್ಲ. ಹೆರಾಲ್ಡ್ ಮಾಡುತ್ತಾನೆ. ಅದೂ ಹೇಗೆ? ತನ್ನ ಆಫೀಸಿನ ಟ್ಯಾಕ್ಸ್ ಕಡತದಿಂದ ನಂಬರ್ ತೆಗೆದು. ಯಮನಿಗೂ ಇನ್‌ಕಮ್ ಟ್ಯಾಕ್ಸ್ ಇದೆ ಎಂದ ಹಾಗೆ.

ಆ ದನಿ, ಅಂದರೆ ಹೆರಾಲ್ಡ್‌ನ ಕಥೆ ಬರೆಯುತ್ತಿರುವ ಕಾದಂಬರಿಗಾರ್ತಿ, ಕ್ಯಾರೆನ್ ಐಫೆಲ್. ಎಮ್ಮಾ ಥಾಂಪ್ಸನ್ ಆ ಪಾತ್ರವನ್ನು ಮಾಡಿದ ರೀತಿ ನನಗೆ ತುಂಬಾ ಇಷ್ಟ. ಕೆದರಿದ ಕೂದಲು, ಕೆಂಪು ಕಣ್ಣು, ಎಂಜಲು ಮಾಡಿದ ಟಿಶ್ಯೂ ಕಾಗದದಲ್ಲಿ ಸಿಗರೇಟು ಆರಿಸುವ ಅಸಹ್ಯ ಅಭ್ಯಾಸ. ತನ್ನ ಎಲ್ಲ ಕಾದಂಬರಿಗಳಲ್ಲೂ ನಾಯಕನನ್ನು ಕೊಂದಿದ್ದಾಳೆ. ಈ ಸಲ ಹೇಗೆ ಕೊಲ್ಲಬೇಕು ಎಂದು ಹೊಳೆಯುತ್ತಿಲ್ಲ. ಮಳೆಯಲ್ಲಿ ಕೂತು ಅಪಘಾತ ಊಹಿಸುತ್ತಾಳೆ. ಆಸ್ಪತ್ರೆಗೆ ಹೋಗಿ, ಉಳಿಯುವ ರೋಗಿಗಳು ಬೇಡ, ಸಾಯುವವರನ್ನು ತೋರಿಸಿ ಅನ್ನುತ್ತಾಳೆ. ಥಾಂಪ್ಸನ್‌ಗೆ ಬರೆಯುವವರ ಕಷ್ಟ ಕೇಳಿ ತಿಳಿದಿದ್ದಲ್ಲ. ಜೇನ್ ಆಸ್ಟಿನ್ ಅವರ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಗೆ ಚಿತ್ರಕಥೆ ಬರೆದು ಆಸ್ಕರ್ ಪಡೆದವರು ಅವರು. ಆ ಸಿನಿಮಾವನ್ನು ನಿರ್ಮಿಸಿದ ಲಿಂಡ್ಸೆ ಡೊರನ್ ಅವರೇ ಈ ಸಿನಿಮಾವನ್ನೂ ನಿರ್ಮಿಸಿದರು.

ಫೋನಿನ ಸೀನ್ ನನ್ನ ಮಟ್ಟಿಗೆ ಇಡೀ ಸಿನಿಮಾದ ಎತ್ತರ. ಕ್ಯಾರೆನ್ ಟೈಪ್‌ರೈಟರ್ ಮುಂದೆ ಕೂತು ಫೋನ್ ರಿಂಗಾಯಿತು ಎಂದು ಹೊಡೆಯುತ್ತಾಳೆ. ಅವಳ ಮನೆಯ ಫೋನ್ ರಿಂಗಾಗುತ್ತದೆ. ಮತ್ತೆ ಹೊಡೆಯುತ್ತಾಳೆ, ಮತ್ತೆ ರಿಂಗ್. ಮೂರನೇ ಸಲಕ್ಕೆ ಅವಳಿಗೆ ಭಯ. ಎತ್ತಿದರೆ ಆ ಕಡೆ ಹೆರಾಲ್ಡ್ ಕ್ರಿಕ್. ಅಲ್ಲಿಯವರೆಗೆ ಹೆರಾಲ್ಡ್‌ಗೆ ತನ್ನ ಕಥೆ ಹೇಳುವ ದನಿ ಬೇರೊಬ್ಬರದ್ದು. ಆ ಕ್ಷಣದಲ್ಲಿ ಕ್ಯಾರೆನ್‌ಗೆ ತಾನು ಬರೆದ ಮನುಷ್ಯನ ದನಿ ಕೇಳಿಸುತ್ತದೆ. ಕೇಳಿಸಿಕೊಳ್ಳುವ ಸರದಿ ಈಗ ಅವಳದ್ದು. ತಾನು ಕೊಂದ ಹಿಂದಿನ ನಾಯಕರೆಲ್ಲ ನಿಜವಾಗಿ ಬದುಕಿದ್ದವರಾ ಎಂಬ ಪ್ರಶ್ನೆ ಅವಳನ್ನು ಆಮೇಲೆ ಬಿಡುವುದೇ ಇಲ್ಲ.

ಇಲ್ಲಿ ನನಗೆ ಗಿರೀಶ ಕಾರ್ನಾಡರ 'ನಾಗಮಂಡಲ' ನೆನಪಾಗುತ್ತದೆ. ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ ಅಥವಾ ಓದಿರುತ್ತೀರಿ. ಅದು 1988ರ ನಾಟಕ. ಅದರ ಶುರು ನೆನಪಿದೆಯಲ್ಲ? ಪಾಳುಬಿದ್ದ ಗುಡಿಯಲ್ಲಿ ಒಬ್ಬ ನಾಟಕಕಾರ ಕೂತಿದ್ದಾನೆ. ಒಂದಿಡೀ ರಾತ್ರಿ ಎಚ್ಚರವಾಗಿರದಿದ್ದರೆ ಅವನಿಗೆ ಸಾವು. ಯಾಕೆ? ಅವನ ನಾಟಕ ನೋಡುತ್ತಾ ಎಷ್ಟೋ ಜನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ, ಅದರ ಶಾಪ. ಅಲ್ಲಿಗೆ ಊರಿನ ದೀಪಗಳೆಲ್ಲ ಹರಟೆಗೆ ಬರುತ್ತವೆ. ಅವುಗಳ ಜೊತೆ ಒಂದು ಕಥೆಯೂ ಹೆಣ್ಣಾಗಿ, ಸೀರೆ ಉಟ್ಟುಕೊಂಡು ಬರುತ್ತದೆ. ಕಾರ್ನಾಡರ ನಾಟಕದಲ್ಲಿ ಸಾಯುವ ಭಯ ಇರುವುದು ಬರೆಯುವವನಿಗೆ. ಈ ಸಿನಿಮಾದಲ್ಲಿ ಅದು ಬರೆಸಿಕೊಂಡವನಿಗೆ. ಎರಡು ಕಡೆಯೂ ಕಥೆ ಅನ್ನುವುದು ಆಟದ ವಸ್ತು ಅಲ್ಲ, ಜೀವ ತೆಗೆಯಬಲ್ಲದು, ಉಳಿಸಬಲ್ಲದು.

ಮುಖ್ಯವಾದದ್ದು ಕೊನೆಯಲ್ಲಿದೆ. 'ನಾಗಮಂಡಲ'ಕ್ಕೆ ಒಂದು ಮುಕ್ತಾಯ ಅಲ್ಲ. ಒಮ್ಮೆ, ರಾಣಿ ಎಂಬ ಹೆಣ್ಣನ್ನು ಪ್ರೀತಿಸಿದ ನಾಗ ಸಾಯುತ್ತಾನೆ. ಅದಕ್ಕೆ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಮುಕ್ತಾಯ ಬರುತ್ತದೆ. ಅದರಲ್ಲಿ ನಾಗ ಬದುಕಿ ರಾಣಿಯ ಜಡೆಯಲ್ಲೇ ಉಳಿಯುತ್ತಾನೆ. ಅದನ್ನು ನೋಡಿ ನಮ್ಮಲ್ಲಿ ಯಾರೂ ನಾಟಕ ಕೆಟ್ಟಿತು ಅನ್ನುವುದಿಲ್ಲ. ಕಥೆ ಕೇಳುತ್ತಾ ಬೆಳೆದವರಿಗೆ, ಹೇಳುವವರು ಕೇಳುವವರ ಮುಖ ನೋಡಿ ಕೊನೆ ಬದಲಿಸುವುದು ಗೊತ್ತಿರುವ ಸಂಗತಿ.

ಆದರೆ 'ಸ್ಟ್ರೇಂಜರ್ ದ್ಯಾನ್ ಫಿಕ್ಷನ್' ಬಂದಾಗಿನಿಂದ ಅದರ ಮೇಲೆ ಇರುವ ದೊಡ್ಡ ದೂರು ಇದೇ. ಕೊನೆಗೆ ಹೆರಾಲ್ಡ್ ಉಳಿದುಬಿಡುತ್ತಾನೆ. ಸೈಕಲ್ ಹುಡುಗನನ್ನು ಉಳಿಸಲು ಹೋಗಿ ಬಸ್ಸಿಗೆ ಸಿಕ್ಕವನು ಸಾಯಬೇಕಿತ್ತು. ಅವನ ಕೈಗಡಿಯಾರದ ಚೂರು ರಕ್ತನಾಳಕ್ಕೆ ಅಡ್ಡ ನಿಂತು ರಕ್ತ ಹರಿದುಹೋಗದಂತೆ ತಡೆಯಿತು ಎಂದು ಡಾಕ್ಟರ್ ಹೇಳುತ್ತಾರೆ. ಹಾಲಿವುಡ್ ಹೆದರಿಬಿಟ್ಟಿತು, ಜನರನ್ನು ಖುಷಿ ಮಾಡಲು ಕೊನೆಯನ್ನು ಸಿಹಿ ಮಾಡಿತು ಅನ್ನುತ್ತಾರೆ. ಇವತ್ತು ಸಿನಿಮಾ ಮುಗಿದ ತಕ್ಷಣ ಹಿಂದಿನ ಸಾಲಿನಲ್ಲಿ ಒಬ್ಬರು ಇದೇ ಮಾತು ಹೇಳಿದ್ದು ನನ್ನ ಕಿವಿಗೆ ಬಿತ್ತು. ಸರ್, ನಿಮಗೇ ಉತ್ತರ ಕೊಡುತ್ತಿದ್ದೇನೆ.

ಕ್ಯಾರೆನ್ ಬರೆದ ಹಸ್ತಪ್ರತಿಯನ್ನು ಓದಿ ಹಿಲ್ಬರ್ಟ್ ಹೆರಾಲ್ಡ್‌ಗೆ ಏನು ಹೇಳುತ್ತಾರೆ? ನೀನು ಸಾಯಲೇಬೇಕು, ಇದು ಮಹಾಕೃತಿ, ಹೇಗಿದ್ದರೂ ಒಂದಲ್ಲ ಒಂದು ದಿನ ಸಾಯುತ್ತೀಯ, ಆದರೆ ಇಷ್ಟು ಅರ್ಥವುಳ್ಳ ಸಾವು ಸಿಗುವುದಿಲ್ಲ. ಹಾಫ್‌ಮನ್ ಇದನ್ನು ಎಷ್ಟು ಮೆತ್ತಗೆ, ಎಷ್ಟು ಪ್ರೀತಿಯಿಂದ ಹೇಳುತ್ತಾರೆ ಅಂದರೆ ಒಂದು ಕ್ಷಣ ನಮಗೂ ಹೌದಲ್ವಾ ಅನ್ನಿಸಿಬಿಡುತ್ತದೆ. ಅಲ್ಲೇ ಎಚ್ಚರ ಆಗಬೇಕು. ಎದುರಿಗೆ ಕೂತಿರುವ ಮನುಷ್ಯನಿಗಿಂತ ಪುಸ್ತಕದ ಕೊನೆಯ ಪುಟ ದೊಡ್ಡದು ಎನ್ನುತ್ತಿದ್ದಾನೆ ಒಬ್ಬ ಓದಿಕೊಂಡ ಮನುಷ್ಯ. ಹೆರಾಲ್ಡ್ ಕೂಡ ಆ ಹಸ್ತಪ್ರತಿಯನ್ನು ಬಸ್ಸಿನಲ್ಲಿ ಕೂತು ಓದುತ್ತಾನೆ. ಓದಿ ಮುಗಿಸಿ ಕ್ಯಾರೆನ್‌ಗೆ ವಾಪಸ್ ಕೊಟ್ಟು, ಚೆನ್ನಾಗಿದೆ, ಇದಕ್ಕೆ ಇದೊಂದೇ ಕೊನೆ ಸಾಧ್ಯ ಅನ್ನುತ್ತಾನೆ. ಫೆರೆಲ್ ಇಲ್ಲಿ ಕಣ್ಣೀರು ಹಾಕುವುದಿಲ್ಲ. ಲೆಕ್ಕ ಸರಿಯಾಗಿದೆ ಎಂದು ಸಹಿ ಹಾಕುವ ಅಧಿಕಾರಿಯ ಮುಖವೇ ಅಲ್ಲೂ ಇದೆ. ಹಾಗಾಗಿಯೇ ನಮಗೆ ತಡೆಯಲು ಆಗುವುದಿಲ್ಲ.

ಸಾವಿತ್ರಿ ಯಮನ ಹಿಂದೆ ನಡೆದು ಮಾತಿನಲ್ಲಿ ಅವನನ್ನು ಕಟ್ಟಿಹಾಕಿ ಗಂಡನ ಜೀವ ತಂದಳು. ಹೆರಾಲ್ಡ್‌ಗೆ ಅಂಥ ಜಾಣತನ ಇಲ್ಲ. ಅವನು ಸಾವನ್ನು ಒಪ್ಪಿಕೊಂಡು ಮರುದಿನ ಎಂದಿನ ಹಾಗೆ ಬಸ್ ಸ್ಟಾಪಿಗೆ ಹೋಗುತ್ತಾನೆ. ಕ್ಯಾರೆನ್‌ಗೆ ಕೈ ನಡುಗುವುದು ಅದಕ್ಕೇ. ತಾನು ಸಾಯುತ್ತೇನೆ ಎಂದು ಗೊತ್ತಿಲ್ಲದೆ ಸಾಯುವವನ ಕಥೆ ಅವಳು ಬರೆದಿದ್ದು. ಗೊತ್ತಿದ್ದೂ ಹೋಗಿ ಮಗುವನ್ನು ಉಳಿಸುವವನನ್ನು ಕೊಲ್ಲಲು ಅವಳಿಂದ ಆಗುವುದಿಲ್ಲ. ಅಂಥವನನ್ನಲ್ಲವೇ ಉಳಿಸಿಕೊಳ್ಳಬೇಕಾದ್ದು ಎಂದು ಹಿಲ್ಬರ್ಟ್‌ನನ್ನು ಕೇಳುತ್ತಾಳೆ. ಹೊಸ ಕೊನೆ ಓದಿ ಅವನು ಪರವಾಗಿಲ್ಲ ಅನ್ನುತ್ತಾನೆ. ಮಹಾಕೃತಿ ಅಲ್ಲ, ಪರವಾಗಿಲ್ಲ. ಕ್ಯಾರೆನ್‌ಗೂ ಅಷ್ಟು ಸಾಕು.

ಆದ್ದರಿಂದ ಕೊನೆ ಸ್ವಲ್ಪ ಸಪ್ಪೆಯಾಗಿರುವುದು ಸಿನಿಮಾಗೆ ಗೊತ್ತಿಲ್ಲದೆ ಆದದ್ದಲ್ಲ. ಹಾಗಾಗುತ್ತದೆ ಎಂದು ಪಾತ್ರಗಳ ಬಾಯಲ್ಲೇ ಹೇಳಿಸಿ, ಒಂದು ಜೀವಕ್ಕಾಗಿ ಆ ಸಪ್ಪೆಯನ್ನು ಒಪ್ಪಿಕೊಂಡಿದೆ. ಸಾಯುವ ಕೊನೆ ಇದ್ದಿದ್ದರೆ ವಿಮರ್ಶಕರು ಜಾಸ್ತಿ ಮೆಚ್ಚುತ್ತಿದ್ದರು, ನಿಜ. ಆದರೆ ಆಗ ಸಿನಿಮಾ ಹಿಲ್ಬರ್ಟ್ ಪಕ್ಷಕ್ಕೆ ಸೇರುತ್ತಿತ್ತು. ನನಗೆ ಈ ಕೊನೆಯೇ ಇಷ್ಟ.

ಒಂದು ದೂರು ನನಗೂ ಇದೆ. ಕ್ವೀನ್ ಲತೀಫಾ ಮಾಡಿದ ಪೆನ್ನಿ ಎಶರ್ ಪಾತ್ರಕ್ಕೆ ಏನೂ ಕೊಟ್ಟಿಲ್ಲ. ಪ್ರಕಾಶಕರು ಕಳಿಸಿದ ಸಹಾಯಕಿ, ಪಕ್ಕದಲ್ಲಿ ನಿಂತು ಸಿಗರೇಟು ಬಿಡಿ ಅನ್ನುವುದಷ್ಟೇ ಅವಳ ಕೆಲಸ. ಅಷ್ಟು ಬಲವಾದ ನಟಿಯನ್ನು ಕರೆತಂದು ಸುಮ್ಮನೆ ನಿಲ್ಲಿಸಿದ್ದು ತಪ್ಪು.

ಈ ಪಾತ್ರಕ್ಕೆ ಫೆರೆಲ್ ಹೆಸರು ಗೋಲ್ಡನ್ ಗ್ಲೋಬ್‌ನ ಹಾಸ್ಯ ವಿಭಾಗದ ಉತ್ತಮ ನಟರ ಪಟ್ಟಿಗೆ ಹೋಯಿತು. ಆ ವರ್ಷ 'ಬೋರಾಟ್'ಗಾಗಿ ಸಾಚಾ ಬ್ಯಾರನ್ ಕೋಹೆನ್‌ಗೆ ಪ್ರಶಸ್ತಿ ಬಂತು. ದೊಡ್ಡ ಗದ್ದಲದ ಹಾಸ್ಯ ಗೆದ್ದಿತು, ಮೆಲುದನಿಯದ್ದು ಸೋತಿತು. ಫೆರೆಲ್ ಆಮೇಲೆ ತಮ್ಮ ಹಳೆಯ ಥರದ ಸಿನಿಮಾಗಳನ್ನೂ ಮಾಡಿಕೊಂಡು ಬಂದರು. ಅದರಲ್ಲಿ ನನಗೆ ಬೇಸರವಿಲ್ಲ. 2010ರಲ್ಲಿ 'ಎವೆರಿಥಿಂಗ್ ಮಸ್ಟ್ ಗೋ' ಎಂಬ ಇನ್ನೊಂದು ಮೆತ್ತನೆಯ ಸಿನಿಮಾದಲ್ಲೂ ನಟಿಸಿದರು. ಈ ಸಿನಿಮಾ ಹಿಡಿಸಿದವರು ಅದನ್ನೂ ಹುಡುಕಿ ನೋಡಿ.

ಕೊನೆಯಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಇಂಥ ಪಾತ್ರವನ್ನು ಮೊದಲಿನಿಂದಲೂ ಗಂಭೀರ ಪಾತ್ರಗಳನ್ನೇ ಮಾಡಿಕೊಂಡು ಬಂದ ನಟನಿಗೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಬರುತ್ತಿರಲಿಲ್ಲವೇ ಎಂದು. ಬರುತ್ತಿರಲಿಲ್ಲ ಎಂದೇ ನನ್ನ ಉತ್ತರ. ಗಿಟಾರ್ ಸೀನ್ ತೆಗೆದುಕೊಳ್ಳಿ. ಹೆರಾಲ್ಡ್‌ಗೆ ಬರುವುದು ಒಂದೇ ಹಾಡು, ರೆಕ್ಲೆಸ್ ಎರಿಕ್ ಅವರ 1977ರ 'ಹೋಲ್ ವೈಡ್ ವರ್ಲ್ಡ್'. ಸ್ವರ ಅಷ್ಟಕ್ಕಷ್ಟೇ. ಸೋಫಾ ತುದಿಯಲ್ಲಿ ಕೂತು, ಕಣ್ಣು ತಗ್ಗಿಸಿ, ಆನಾ ಇಲ್ಲದಿರುವಾಗ ಮೆಲ್ಲಗೆ ಶುರು ಮಾಡುತ್ತಾನೆ. ನಮಗೆಲ್ಲ ಒಳಗೊಳಗೇ ಒಂದು ಅಳುಕು: ಈತ ಈಗ ಎದ್ದು ಕುಣಿದುಬಿಡುತ್ತಾನಾ, ಕಿರುಚಿಬಿಡುತ್ತಾನಾ? ಯಾಕೆಂದರೆ ಅವನು ವಿಲ್ ಫೆರೆಲ್. ಹಿಂದೆಲ್ಲ ಹಾಗೇ ಮಾಡಿದ್ದಾನೆ. ಇಲ್ಲಿ ಮಾಡುವುದಿಲ್ಲ. ಆನಾ ಒಳಗೆ ಬಂದು ನಿಲ್ಲುತ್ತಾಳೆ, ಇವನು ಹಾಡುತ್ತಲೇ ಇರುತ್ತಾನೆ. ಬೇರೆ ನಟನಾಗಿದ್ದರೆ ಆ ಅಳುಕೇ ನಮಗೆ ಇರುತ್ತಿರಲಿಲ್ಲ. ಆ ಅಳುಕು ಇಲ್ಲದಿದ್ದರೆ, ಅವನು ತಡೆದುಕೊಂಡ ಆ ಹಾಡು ನಮ್ಮನ್ನು ಅಷ್ಟು ಮುಟ್ಟುತ್ತಲೂ ಇರಲಿಲ್ಲ.